ಬಾಣಂತಿಯ ಗೌರವಕ್ಕೆ ರಜೆ

ಪ್ರಯೋಗಾಲಯದ ಮುಖ್ಯಸ್ಥೆ ಶೂ ಕಟ್ಟಿಕೊಳ್ಳುತ್ತಿದ್ದಾಗ ಸಾವಿನ ಸುದ್ದಿ ಬಂತು. ಅವಳು ಕೂತಲ್ಲಿಂದಲೇ ಎಲ್ಲರಿಗೂ ಫೋನು ಮಾಡಿದಳು.

"ನಮ್ಮ ಬಾಣಂತಿ ಹೋಗ್ಬಿಟ್ರು. ನಿದ್ದೇಲೇ ಎದೆಬಡಿತ ನಿಂತುಹೋಯ್ತಂತೆ. ಇವತ್ತು ಬಾಗಿಲು ತೆಗೆಯೋದು ಬೇಡ, ಎಲ್ರೂ ಮಣ್ಣಿಗೆ ಬನ್ನಿ."

ಬಾಣಂತಿ ಎಂದರೆ ಐವತ್ತೆಂಟು ವರ್ಷದ ಗಂಡಸು. ಗಾಜಿನ ಪೆಟ್ಟಿಗೆಯಲ್ಲಿ ಬೆಳೆಯುವ ಯಕೃತ್ತಿನ ತುಂಡಿಗೆ ಬೆಳಗ್ಗೆ ಆರಕ್ಕೆ, ಸಂಜೆ ಆರಕ್ಕೆ ಪೋಷಕ ದ್ರವ ಬದಲಿಸುವುದು ಅವನ ಕೆಲಸ. ಹಾಗಾಗಿ ಆ ಹೆಸರು. ತುಂಡಿನೊಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳು ಹಬ್ಬಬೇಕು. ಒಂದು ಹೊತ್ತು ದ್ರವ ತಪ್ಪಿದರೂ ಅವು ಬಾಡಿ ತುಂಡು ಒಳಗಿನಿಂದಲೇ ಸಾಯುತ್ತದೆ. ಈ ಸಲ ಅದು ಬೆಳೆಯುತ್ತಿದ್ದುದು ಅವನ ಮಗಳ ಜೀವಕೋಶಗಳಿಂದ, ಅವಳಿಗಾಗಿಯೇ. ಸೋಮವಾರ ಶಸ್ತ್ರಚಿಕಿತ್ಸೆ.

ಮಧ್ಯಾಹ್ನ ಮೂರಕ್ಕೆ ಮಗಳು ತಂದೆಯ ತಲೆಯ ಬಳಿ ಕೂತಿದ್ದಳು. ಅವಳ ಕಣ್ಣು ಅರಿಸಿನದಷ್ಟು ಹಳದಿಯಾಗಿತ್ತು. ಪಕ್ಕದಲ್ಲಿ ಸತ್ತವನ ಅಕ್ಕ.

"ನನ್ನ ಮದುವೇಲಿ ಊಟಕ್ಕೂ ನಿಲ್ಲಲಿಲ್ಲ," ಎಂದ ಪ್ರಯೋಗಾಲಯದ ಸಹಾಯಕ. "'ಕೂಸಿಗೆ ಹಸಿವಾಗಿರತ್ತೆ ಕಣೋ' ಅಂತ ಓಡಿದ್ರು."

ನಾಲ್ಕು ಜನ ನಕ್ಕರು.

"ನಮ್ಮೆಜಮಾನ್ರು ಹೋದಾಗಲೂ ಹಾಗೇ ಮಾಡ್ದ," ಎಂದಳು ಅಕ್ಕ. "ಆರು ತಿಂಗಳು ಮಾತು ಬಿಟ್ಟಿದ್ದೆ. ಪಾಪಿ ನಾನು."

"ಭಾನುವಾರನೂ ಬಿಡ್ತಿರಲಿಲ್ಲ, ಅತ್ತೆ," ಎಂದಳು ಮಗಳು. ಆಮೇಲೆ ತಲೆಯೆತ್ತಿ ಬಂದವರ ಮುಖಗಳನ್ನು ಒಂದೊಂದಾಗಿ ನೋಡಿದಳು. "ಇವತ್ತು ಕೂಸಿಗೆ ದ್ರವ ಯಾರು ಹಾಕಿದ್ರಿ?"

ಸಹಾಯಕ ಮುಖ್ಯಸ್ಥೆಯನ್ನು ನೋಡಿದ. ಮುಖ್ಯಸ್ಥೆ ಸಹಾಯಕನನ್ನು ನೋಡಿದಳು. ಅವನು ಎದ್ದು ಓಡಿದ.

*

ಹೋದ ತಿಂಗಳು ತಂದೆ ಮಗಳಿಗೆ ಗಾಜಿನ ಪೆಟ್ಟಿಗೆ ತೋರಿಸಿದ್ದ. ತಿಳಿಗೆಂಪು ಮಾಂಸದಲ್ಲಿ ಎಳೆಎಳೆಯಾಗಿ ನಾಳಗಳು ಇಳಿದಿದ್ದವು.

"ನೋಡು, ಹೆಂಗೆ ದಾರಿ ಮಾಡ್ಕೊಂಡು ಹೋಗ್ತಿವೆ!"

"ಬೇರೆಯವರಿಗೂ ಒಂದಿನ ಬಿಡಪ್ಪ. ಸುಸ್ತಾಗಿದ್ದೀಯ."

"ಅವರೆಲ್ಲ ತುಂಬಾ ಓದಿದವರು, ಮರೀತಾರೆ. ಪಾಳಿ ಪಟ್ಟಿಯಿಂದ ಎಲ್ಲರ ಹೆಸರೂ ತೆಗೆಸಿದ್ದೀನಿ. ನಿನ್ನ ವಿಷಯದಲ್ಲಿ ನಾನು ಯಾರನ್ನೂ ನಂಬಲ್ಲ."

*

ಶವವನ್ನು ಗುಂಡಿಗಿಳಿಸುವ ಹೊತ್ತಿಗೆ ಮುಖ್ಯಸ್ಥೆಯ ಫೋನು ಬಡಿದುಕೊಂಡಿತು. ಅವಳು ಬೆನ್ನು ತಿರುಗಿಸಿ ಕೇಳಿಸಿಕೊಂಡಳು. ಸುತ್ತ ಎಷ್ಟು ಮೌನವಿತ್ತೆಂದರೆ ಸಹಾಯಕನ ಮಾತು ಎಲ್ಲರಿಗೂ ಕೇಳಿಸಿತು.

"ಬೂದಿ ಬಣ್ಣ ಬಂದಿದೆ ಮೇಡಂ. ನಾಳ ಎಲ್ಲಾ ಕುಸಿದಿವೆ. ಮುಟ್ಟಿದ್ರೆ ಕೈಗೇ ಬರ್ತಿದೆ."

ಮುಖ್ಯಸ್ಥೆ ಮಗಳ ಕೈ ಹಿಡಿದುಕೊಂಡಳು. "ಅವರ ಗೌರವಕ್ಕೆ ಅಂತಲೇ ರಜೆ ಕೊಟ್ಟೆ ಕಣಮ್ಮ. ಮತ್ತೆ ಶುರು ಮಾಡೋಣ. ಏಳೇ ತಿಂಗಳು."

"ಡಾಕ್ಟರು ನಂಗೆ ಹೇಳಿರೋದು ಎರಡು," ಎಂದಳು ಮಗಳು.

ಗುಂಡಿ ತೋಡಿದವನಿಗೆ ಇದೇನೂ ಗೊತ್ತಿರಲಿಲ್ಲ. "ಹೊತ್ತಾಗ್ತಿದೆ. ಮಗಳು ಮೊದಲು ಹಾಕ್ಲಿ," ಎಂದ.

ಅವಳು ಬಗ್ಗಿ ಒಂದು ಹಿಡಿ ಮಣ್ಣು ಹಾಕಿದಳು. ಎರಡನೆಯದಕ್ಕೆ ಬಗ್ಗಿದವಳಿಗೆ ಏಳಲಾಗಲಿಲ್ಲ. ಅತ್ತೆ ರಟ್ಟೆ ಹಿಡಿದು ಎತ್ತಿದಳು. ಅವಳನ್ನು ಎದೆಗೊರಗಿಸಿಕೊಂಡು, ಕಣ್ಣು ಮುಚ್ಚಿ, ಪಿಸುಮಾತಿನಲ್ಲಿ ಬೇಡಿಕೊಂಡಳು:

"ದೇವರೇ, ನನ್ನ ತಮ್ಮನಿಗೆ ಶಾಂತಿ ಕೊಡು. ಇವಳು ಅಲ್ಲಿಗೆ ಬರೋವರೆಗಾದ್ರೂ ಅವನಿಗೆ ಇದು ತಿಳಿಯೋದು ಬೇಡ."