ಅಣ್ಣನ ವಾರ್ನಿಶ್

ಮನೆ, ಬೀದಿ, ಮನುಷ್ಯರ ಪುಟ್ಟ ಮಾದರಿಗಳನ್ನು ಮಾಡಿ ಬಣ್ಣ ಹಚ್ಚುವವರ ನಡುವೆ ಅವನಿಗೆ ನುಣುಪು ಮೇಷ್ಟ್ರು ಎಂದೇ ಹೆಸರು. ವಾರ್ನಿಶ್ ಅಂಟಂಟಾದರೆ, ಗುಳ್ಳೆ ಎದ್ದರೆ, ಬಿರುಕು ಬಿಟ್ಟರೆ ಎಲ್ಲರೂ ಅವನ ಬಾಗಿಲಿಗೇ ಬರುತ್ತಿದ್ದರು. ಕೈ ಚಿನ್ನದಂಥದ್ದು, ನಾಲಿಗೆ ಮಾತ್ರ ಅರದಂಥದ್ದು.

ಆ ನಾಲಿಗೆಯೇ ಅವನನ್ನು ಸ್ವಂತ ಅಣ್ಣನ ಮನೆಯಿಂದ ದೂರ ಮಾಡಿತ್ತು. ಅಣ್ಣನಿಗೂ ಇದೇ ಹುಚ್ಚು, ಆದರೆ ತಾಳ್ಮೆ ಕಡಿಮೆ. ಹವೆ ತೇವವಾಗಿರುವ ದಿನವೇ ವಾರ್ನಿಶ್ಶಿನ ಸ್ಪ್ರೇ ಡಬ್ಬಿ ಎತ್ತುವನು. ಒಣಗಿದ ಮೇಲೆ ನೋಡಿದರೆ ಇಡೀ ಕೆಲಸದ ಮೇಲೆ ಬೆಳ್ಳನೆಯ ಪೊರೆ. ಒಮ್ಮೆ ಪ್ರದರ್ಶನದಲ್ಲಿ, ನಾಲ್ಕು ಜನರ ಮುಂದೆ, ತಮ್ಮ ಕೇಳಿಬಿಟ್ಟ: “ಅಣ್ಣ, ಇದನ್ನ ತೋರಿಸೋಕೆ ತಂದಿದ್ದೀಯೋ, ಬೂಸ್ಟು ಹಿಡಿದಿದೆ ಅಂತ ಎಸೆಯೋಕೆ ತಂದಿದ್ದೀಯೋ?” ಎಲ್ಲರೂ ನಕ್ಕರು. ಅಣ್ಣನೂ ನಕ್ಕ, ಮಾದರಿಯನ್ನು ಡಬ್ಬಿಗೆ ಹಾಕಿಕೊಂಡು ಹೋದ. ಆಮೇಲೆ ತಮ್ಮನ ಜೊತೆ ಮಾತೇ ಆಡಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅಣ್ಣ ಸತ್ತ ದಿನ ತಮ್ಮ ಗೇಟಿನ ಹೊರಗೇ ನಿಂತಿದ್ದು ವಾಪಸ್ಸು ಬಂದ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ.

ಹಾಗಿರುವಾಗ ಒಂದು ದಿನ ಅತ್ತಿಗೆ ತಾನಾಗಿಯೇ ಅವನ ಮನೆಗೆ ಬಂದಳು. ಕೈಯಲ್ಲಿ ಅಂಗೈಯಗಲದ ಮಾದರಿ: ಒಂದು ಬಸ್ ನಿಲ್ದಾಣ, ಬೆಂಚಿನ ಮೇಲೆ ಒಬ್ಬ ಹುಡುಗಿ, ಅಷ್ಟು ದೂರದಲ್ಲಿ ಸೈಕಲ್ ಹಿಡಿದ ಹುಡುಗ, ಮುರಿದು ವಾಲಿದ ದೀಪದ ಕಂಬ.

“ಧೂಳು ಒರೆಸುವಾಗ ಕಂಬ ಮುರೀತು. ಅಂಟಿಸಿಕೊಡು, ಅಷ್ಟೇ. ಬೇರೇನೂ ಮುಟ್ಟಬೇಡ. ಅವರು ಕೊನೇಗೆ ಮಾಡಿದ್ದು ಇದು.”

“ಆಯ್ತು ಅತ್ತಿಗೆ. ನಾನೇ ಮನೆಗೆ ತಂದುಕೊಡ್ಲಾ?”

ಅವಳು ಸ್ವಲ್ಪ ಯೋಚಿಸಿದಳು. “ತಾ. ಊಟ ಮಾಡ್ಕೊಂಡು ಹೋಗುವಿಯಂತೆ.”

ಅವನಿಗೆ ಅಷ್ಟು ಸಾಕಾಗಿತ್ತು. ಇಷ್ಟು ವರ್ಷ ಮುಚ್ಚಿದ್ದ ಬಾಗಿಲು ತೆರೆಯುವುದಾದರೆ ಅವನು ಇನ್ನೇನನ್ನೂ ಕೇಳುತ್ತಿರಲಿಲ್ಲ.

ಕಂಬ ಅಂಟಿಸುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಆದರೆ ಮಾದರಿಯ ಮೇಲೆಲ್ಲ ಅದೇ ಹಾಳು ಬಿಳಿ ಪೊರೆ! ಬೆಂಚಿನ ಹತ್ತಿರ ದಟ್ಟ, ದೀಪದ ಸುತ್ತ ತಿಳಿ. ಹೊಡೆಯುವುದನ್ನಾದರೂ ಒಂದೇ ಸಮನೆ ಹೊಡೆಯಬಾರದೇ ಪುಣ್ಯಾತ್ಮ, ಎಂದುಕೊಂಡ. ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ನುಣುಪು ಮೇಷ್ಟ್ರು ಹೇಗಾದಾನು? ಅಣ್ಣನ ಕೊನೆಯ ಕೆಲಸವೂ ಕೆಟ್ಟಿತ್ತು ಎಂದು ನಾಳೆ ಯಾರಾದರೂ ಆಡಿಕೊಂಡರೆ? ಅಣ್ಣನ ಮಾನ ಉಳಿಸುವುದು ತಮ್ಮನ ಕೆಲಸವಲ್ಲವೇ? ಹೀಗೆ ತನಗೆ ತಾನೇ ಬೆಣ್ಣೆ ಹಚ್ಚಿಕೊಂಡು, ಒಣ ಬಿಸಿಲಿನ ದಿನ ನೋಡಿ ಕೂತ.

ಮೊದಲು ಹೊಳಪಿನ ವಾರ್ನಿಶ್ಶನ್ನು ಮೆತ್ತನೆಯ ಕುಂಚದಿಂದ ತೆಳ್ಳಗೆ ಎಳೆದ. ಎಳೆದಲ್ಲೆಲ್ಲ ಪೊರೆ ಮಾಯವಾಗಿ ಅಡಿಯ ಬಣ್ಣ ಎದ್ದು ಬಂತು: ಹುಡುಗಿಯ ಕೆಂಪು ಕೋಟು, ಸೈಕಲ್ಲಿನ ಹಸಿರು. ಅದು ಒಣಗಿದ ಮೇಲೆ ಮಂಕು ವಾರ್ನಿಶ್ಶಿನ ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು, ಹಳೆಯ ಚಮಚದ ಮೇಲೆ ಹೊಡೆದು ಪರೀಕ್ಷೆ ಮಾಡಿ, ಆಮೇಲೆ ಮಾದರಿಗೆ ಹೊಡೆದು ಹೊಳಪು ಇಳಿಸಿದ. ಮುಖಗಳು ಸ್ಪಷ್ಟವಾಗಿ ಕಂಡಾಗ ಅವನಿಗೆ ಅಳು ಬಂತು. ಅಣ್ಣ ಎಷ್ಟು ಚೆನ್ನಾಗಿ ಬಣ್ಣ ಹಚ್ಚುತ್ತಾನೆ ಎಂದು ಅವನು ಬದುಕಿದ್ದಾಗ ತಾನು ಒಂದು ಸಲವೂ ಹೇಳಿರಲಿಲ್ಲ.

ಅವನು ಮನೆಗೆ ತಂದುಕೊಟ್ಟ ಮಾದರಿಯನ್ನು ಅತ್ತಿಗೆ ಕಿಟಕಿಯ ಬೆಳಕಿಗೆ ಹಿಡಿದಳು.

“ಮಂಜು ಎಲ್ಲಿ?”

“ಯಾವ ಮಂಜು ಅತ್ತಿಗೆ?”

“ನಾನೂ ನಿಮ್ಮಣ್ಣನೂ ಮೊದಲನೇ ಸಲ ಒಬ್ಬರನ್ನೊಬ್ಬರು ನೋಡಿದ ಬೆಳಗ್ಗೆ ಇದು. ಎದುರಿಗಿದ್ದವರ ಮುಖ ಕಾಣದಷ್ಟು ಮಂಜಿತ್ತು, ಬೀದಿ ದೀಪ ಇನ್ನೂ ಆರಿಸಿರಲಿಲ್ಲ. ಹಾಗೇ ಬರಬೇಕು ಅಂತ ಒದ್ದೆ ಹವೆಗೆ ಕಾದು ಕೂತಿದ್ದರು. ಎಷ್ಟು ಸಲ ಕೆಡಿಸಿ ಮಾಡಿದರೋ. ಕೊನೇಗೆ ಬಂತು, ಮಗು ಥರ ಕುಣಿದರು. ‘ತಮ್ಮ ಬೂಸ್ಟು ಅಂದನಲ್ಲ, ಅದೇ ಬೂಸ್ಟಲ್ಲಿ ಮಂಜು ಮಾಡಿದೀನಿ. ಅವನನ್ನ ಕರೆದು ತೋರಿಸ್ತೀನಿ, ಇದು ಎಷ್ಟು ಕಷ್ಟ ಅಂತ ಅವನೊಬ್ಬನಿಗೇ ಗೊತ್ತಾಗೋದು’ ಅಂದರು. ಕರೆಯೋಕೆ ಮುಂಚೆ ಹೋಗಿಬಿಟ್ಟರು.”

“ಮತ್ತೆ ಮಾಡಿಕೊಡ್ತೀನಿ ಅತ್ತಿಗೆ. ತೇವದ ದಿನ ನೋಡಿ... ನನಗೆ ಬರುತ್ತೆ.”

“ನಿನಗೆ ಬಾರದೇ ಇರೋದು ಏನಿದೆ? ಆದ್ರೆ ಅದು ನಿನ್ನ ಮಂಜಾಗುತ್ತೆ.” ಅವಳು ಮಾದರಿಯನ್ನು ಅವನ ಕಡೆಗೇ ಸರಿಸಿದಳು. “ಇಷ್ಟು ದಿನ ನೋಡಿದಾಗೆಲ್ಲ ಅವರು ನನ್ನನ್ನ ಹುಡುಕ್ತಾ ಇದ್ದ ಹಾಗಿತ್ತು. ಈಗ ಯಾರೋ ಇಬ್ಬರು ಬಸ್ಸಿಗೆ ಕಾಯ್ತಿದ್ದಾರೆ. ನೀನೇ ಇಟ್ಕೋ.”

ಅವನು ಹೋಗಲೆಂದು ಎದ್ದ.

“ಕೂತ್ಕೋ. ಊಟಕ್ಕೆ ಕರೆದಿದೀನಿ, ಉಂಡು ಹೋಗು,” ಎಂದಳು ಅತ್ತಿಗೆ. “ಮತ್ತೆ ಬರಬೇಡ.”

ಅವನು ಕೂತ. ಅವಳು ಬಡಿಸುತ್ತ ಹೋದಳು, ಬೇಡವೆನ್ನುವ ಧೈರ್ಯವಿಲ್ಲದೆ ಅವನು ಉಣ್ಣುತ್ತ ಹೋದ.