ಭಟ್ಟಿ ತಣ್ಣಗಿದ್ದ ದಿನ

ನನ್ನ ಮಗ ಬೇಕರಿಯ ಭಟ್ಟಿಯಲ್ಲಿ ಬ್ರೆಡ್ ಬೇಯಿಸುವವನು. ಕೆಲಸ ಮುಗಿಸಿ ಬಂದಾಗ ಅವನ ಬೆನ್ನ ಮೇಲೆ ಹಂಡೆ ಇಟ್ಟರೆ ಇಡೀ ಬೀದಿಗೆ ಸ್ನಾನದ ನೀರು ಕಾಯುತ್ತದೆ. ಸುಳ್ಳಲ್ಲ, ಚೂರು ಜಾಸ್ತಿ ಅಷ್ಟೇ.

ಅವನಪ್ಪ ಹೋದ ವಯಸ್ಸಿಗೆ ಈಗ ಅವನೂ ಬಂದಿದ್ದಾನೆ. ಅವರು ಊಟಕ್ಕೆ ಕೂತಿದ್ದವರು ಎದೆ ಹಿಡಿದುಕೊಂಡರು, ಮತ್ತೆ ಏಳಲಿಲ್ಲ. ಹೋದ ವರ್ಷ ಇವನೂ ಹಿಟ್ಟು ನಾದುತ್ತಾ ಎದೆ ಹಿಡಿದುಕೊಂಡ. ಪುಣ್ಯಕ್ಕೆ ಉಳಿದ. ಇನ್ನೊಂದು ಸಲ ಹಾಗಾಗದಿರಲಿ ಎಂದು ಡಾಕ್ಟರಮ್ಮ ಹೊಸ ಇಂಜೆಕ್ಷನ್ನಿನ ಪರೀಕ್ಷೆಗೆ ಸೇರಿಸಿಕೊಂಡರು. ನನಗೂ ಬಿಡಿಸಿ ಹೇಳಿದರು.

"ಅಜ್ಜೀ, ರಕ್ತನಾಳದ ಗೋಡೇಲಿ ಕೊಬ್ಬು ಸೇರ್ಕೊಳ್ಳುತ್ತೆ. ನಮ್ಮ ಮೈ ಕಾಯೋ ಕಾವಲುಗಾರರು ಅದನ್ನ ಕಳ್ಳ ಅಂದ್ಕೊಂಡು ಹೊಡೆದಾಟಕ್ಕೆ ನಿಲ್ತಾರೆ. ಗೋಡೆ ಊದ್ಕೊಳ್ಳುತ್ತೆ, ಒಡೆಯುತ್ತೆ. ಈ ಔಷಧಿ ಅವರನ್ನ ಸ್ವಲ್ಪ ಸುಮ್ಮನಿರಿಸುತ್ತಾ ಅಂತ ನೋಡ್ತಿದ್ದೀವಿ."

"ಅವರು ಸುಮ್ಮನಿದ್ದಾಗ ನಿಜವಾದ ಕಳ್ಳನೇ ನುಗ್ಗಿದ್ರೆ?"

ಡಾಕ್ಟರಮ್ಮ ನಗಲಿಲ್ಲ. "ನಮ್ಮ ಭಯಾನೂ ಅದೇ. ಜ್ವರ ಬಂದ್ರೆ ಇಂಜೆಕ್ಷನ್ ತಗೋಬಾರದು. ತಕ್ಷಣ ಫೋನ್ ಮಾಡಿ."

ಮೊನ್ನೆ, ಭಟ್ಟಿಯ ಇಟ್ಟಿಗೆ ಹಿಂದಿನ ದಿನವೇ ಬಿರುಕು ಬಿಟ್ಟು ಬೇಕರಿ ಮುಚ್ಚಿತ್ತು. ಮಗ ಮನೆಯಲ್ಲೇ ಇದ್ದ. ಬೆಳಿಗ್ಗೆ ಫ್ರಿಜ್ಜಿನಿಂದ ಇಂಜೆಕ್ಷನ್ ತೆಗೆದು ಮೇಜಿನ ಮೇಲಿಟ್ಟು, ಹೊಟ್ಟೆಗೆ ಚುಚ್ಚಿಕೊಳ್ಳಲು ಅಂಗಿ ಎತ್ತುತ್ತಿದ್ದ. ಕೆಣಕೋಣವೆಂದು ಹಿಂದಿನಿಂದ ಹೋಗಿ ಅವನ ಕುತ್ತಿಗೆಗೆ ಕೈ ಹಾಕಿದೆ.

"ಏನೋ, ಹೊಟ್ಟೆ ಒಳಗೇ ಬ್ರೆಡ್ ಬೇಯಿಸ್ತಿದ್ದೀಯಾ?"

"ಭಟ್ಟಿ ಮುಂದೆ ನಿಲ್ಲೋ ಮೈ ಅಲ್ವಾಮ್ಮ."

"ಭಟ್ಟಿ ನಿನ್ನೆಯಿಂದ ತಣ್ಣಗಿದೆಯಲ್ಲೋ."

ಅವನು ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮಿದ. ಅಡುಗೆಮನೆಯಿಂದ ಸೊಸೆ, "ಅತ್ತೆ, ಕಡ್ಡೀನ ಗುಡ್ಡ ಮಾಡ್ಬೇಡಿ" ಎಂದು ನಕ್ಕಳು. ಮಗ ನನ್ನ ಕೈ ಹಿಡಿದುಕೊಂಡ.

"ಹೇಳ್ಬೇಡಮ್ಮ. ಜ್ವರ ಅಂದ್ರೆ ಇದನ್ನ ನಿಲ್ಲಿಸಿಬಿಡ್ತಾರೆ. ನಿಲ್ಲಿಸಿದ್ರೆ ಅಪ್ಪನ ಥರಾನೇ..."

ನಾನು ಇಂಜೆಕ್ಷನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಫೋನ್ ಮಾಡಿದೆ.

ಆಸ್ಪತ್ರೆಯ ನರ್ಸಿಗೆ ನನ್ನ ಬಾಯಿ ಗೊತ್ತು. ನನ್ನ ಮಂಡಿ ಸತ್ತುಹೋಗಿದೆ, ಮಣ್ಣು ಮಾಡೋದಷ್ಟೇ ಬಾಕಿ ಎಂದು ಅವಳಿಗೆ ಹಿಂದೆ ಹೇಳಿದ್ದೆ.

"ಏನಜ್ಜೀ, ಇವತ್ತೇನು ಆಕಾಶ ಕಳಚಿ ಬಿತ್ತಾ?"

ಮಗನ ಮೈಯಿಂದ ಕೆಂಡ ಸುರೀತಿದೆ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಮಗನಿಗೆ ಜ್ವರ. ಕೆಮ್ಮು. ಮಾತಾಡಿದ್ರೆ ಏದುಸಿರು ಬರ್ತಿದೆ. ಇವತ್ತಿನ ಇಂಜೆಕ್ಷನ್ ಚುಚ್ಚಿಕೊಂಡಿಲ್ಲ."

ಆ ಕಡೆ ನಗು ನಿಂತಿತು. "ಈಗಲೇ ಕರ್ಕೊಂಡು ಬನ್ನಿ ಅಜ್ಜೀ."

ಶ್ವಾಸಕೋಶಕ್ಕೆ ಸೋಂಕು ತಗಲಿತ್ತು. ಆ ಇಂಜೆಕ್ಷನ್ ಚುಚ್ಚಿಕೊಂಡಿದ್ದರೆ ಕಷ್ಟವಾಗುತ್ತಿತ್ತು ಎಂದರು ಡಾಕ್ಟರಮ್ಮ. ಮತ್ತೆ ಶುರು ಮಾಡುವ ಮಾತನ್ನು ಅವರು ಎತ್ತಲಿಲ್ಲ.

ಸಂಜೆ ಹೊತ್ತಿಗೆ ಮಗ ಕಣ್ಣು ಬಿಟ್ಟ. "ಇನ್ಮೇಲೆ ಎದೆ ಕಾಯೋರು ಯಾರಮ್ಮ?"

ಬೇರೆ ದಿನವಾಗಿದ್ದರೆ, ಯಮನನ್ನೇ ಪೊರಕೆಯಲ್ಲಿ ಹೊಡೆದು ಓಡಿಸುತ್ತೇನೆ ಎನ್ನುತ್ತಿದ್ದೆ.

"ಗೊತ್ತಿಲ್ಲ ಕಣೋ" ಎಂದೆ.

ಅವನ ಕುತ್ತಿಗೆಯ ಮೇಲಿಟ್ಟಿದ್ದ ಕೈಯನ್ನು ತೆಗೆಯಲಿಲ್ಲ. ಇನ್ನೂ ಬಿಸಿಯಿತ್ತು, ಆದರೆ ಬೆಳಗಿನಷ್ಟಲ್ಲ.