ನಗುನಗುತ್ತ ಸಹಿಸಿಕೊಂಡಳು ಎಂದವರು ಯಾರು

ನಿಘಂಟಿನ ಕಚೇರಿ ಮೂರನೆಯ ಮಹಡಿಯಲ್ಲಿತ್ತು. ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಮರದ ಖಾನೆಗಳು, ಖಾನೆಗಳ ತುಂಬ ಅಂಗೈಯಗಲದ ಚೀಟಿಗಳು. ಒಂದೊಂದು ಇಂಗ್ಲಿಷ್ ಪದಕ್ಕೂ ನಮ್ಮ ಮಾತಿನಲ್ಲಿ ಏನೇನು ಅರ್ಥ, ಜನ ಅದನ್ನು ಹೇಗೆ ಆಡುತ್ತಾರೆ ಎಂದು ಬರೆದಿಟ್ಟ ಚೀಟಿಗಳು. ಅಲ್ಲಿ ಒಂದು ಹಳೆಯ ಕಟ್ಟಳೆಯಿತ್ತು: ಉದಾಹರಣೆಯ ವಾಕ್ಯವನ್ನು ಕೂತಲ್ಲೇ ಹೊಸೆಯುವಂತಿಲ್ಲ. ಅದನ್ನು ಯಾರಾದರೂ ಆಡಿರಬೇಕು. ಆಡಿದವರ ಕಸುಬು ಬರೆದು, ಕೆಳಗೆ ‘ಕಿವಿಯಾರೆ ಕೇಳಿದ್ದೇನೆ’ ಎಂದು ರುಜು ಹಾಕಬೇಕು. ಪುಸ್ತಕದಲ್ಲೂ ವಾಕ್ಯದ ಪಕ್ಕ ಆ ಕಸುಬು ಅಚ್ಚಾಗುತ್ತಿತ್ತು.

ಹನ್ನೊಂದು ವರ್ಷದಿಂದ ಆ ರುಜು ಹಾಕುತ್ತ ಬಂದವಳನ್ನು ಎಲ್ಲರೂ ಚೀಟಿಯಮ್ಮ ಎನ್ನುತ್ತಿದ್ದರು. ದೇವರನ್ನು ನಂಬಿದ ಹೆಂಗಸು. ಬೆಳಿಗ್ಗೆ ಮೊದಲ ಚೀಟಿ ಮುಟ್ಟುವ ಮುನ್ನ ಒಂದು ಗಳಿಗೆ ಕಣ್ಣು ಮುಚ್ಚುವಳು. ಕೇಳದ್ದನ್ನು ಕೇಳಿದೆ ಎನ್ನುವುದೆಂದರೆ ದೇವರೆದುರು ನಿಂತು ಸುಳ್ಳು ಹೇಳಿದಂತೆ ಎಂದು ಅವಳ ನಂಬಿಕೆ.

ಆ ಸಲ ಅವಳ ಪಾಲಿಗೆ ಬಂದದ್ದು ‘ಪುಟ್ ಅಪ್ ವಿತ್’. ಅರ್ಥಗಳೇನೋ ಕರೆದಂತೆ ಬಂದವು: ಸಹಿಸು, ತಾಳು, ಸೈರಿಸು, ತಡೆದುಕೊ, ನುಂಗಿಕೊ, ಹೊಟ್ಟೆಗೆ ಹಾಕಿಕೊ. ವಾಕ್ಯಕ್ಕೂ ದೂರ ಹೋಗಬೇಕಾಗಲಿಲ್ಲ. ಅವಳ ಅತ್ತೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಮೂವತ್ತು ವರ್ಷದಿಂದ ದುಡಿಯುತ್ತಿದ್ದರು. ಕೈಗವಸಿಲ್ಲದೆ ಚರ್ಮ ಸುಡುವ ಬಟ್ಟೆಸೋಡಾದ ನೀರಿಗೆ ಕೈ ಹಾಕೆಂದ ಮೇಲ್ವಿಚಾರಕನಿಗೆ ಅವರು ಕೊಟ್ಟ ಉತ್ತರವನ್ನು, ಬುತ್ತಿ ಕೊಡಲು ಹೋಗಿದ್ದ ಚೀಟಿಯಮ್ಮ ಬಾಗಿಲಲ್ಲೇ ಕೇಳಿದ್ದಳು. ಹಾಗೇ ಬರೆದಳು:

‘ಹಲ್ಲು ಕಚ್ಕೊಂಡಿದ್ದು ಸಾಕಪ್ಪ, ಈಗ ಕಚ್ಚೋಕೆ ಹಲ್ಲೂ ಉಳಿದಿಲ್ಲ. ಇನ್ನು ಸಹಿಸ್ಕೊಳಲ್ಲ.’ — ಬಟ್ಟೆ ಒಗೆಯುವವರು.

ಹಿರಿಯ ಸಂಪಾದಕರು ಚೀಟಿಯನ್ನು ಎರಡು ಸಲ ಓದಿದರು. ಗದರುವ ಸ್ವಭಾವದವರಲ್ಲ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವವರು.

“ಚೀಟಿಯಮ್ಮ, ಇದು ಮಕ್ಕಳು ಓದೋ ಪುಸ್ತಕ. ಇದ್ರಲ್ಲಿ ಸಹನೆ ಎಲ್ಲಿದೆ? ಬರೀ ಸೆಡ್ಡು ಹೊಡೆಯೋದೇ ಇದೆ. ನಾನು ಹೇಳ್ತೀನಿ, ಬರ್ಕೊ. ‘ಅವಳು ಎಲ್ಲವನ್ನೂ ನಗುನಗುತ್ತ ಸಹಿಸಿಕೊಂಡಳು.’”

“ಯಾರು ಹೇಳಿದ್ದು ಸಾರ್ ಇದು?”

“ಯಾರಾದ್ರೂ ಹೇಳಿರ್ತಾರೆ ಬಿಡು. ಗೃಹಿಣಿ ಅಂತ ಹಾಕಿ ರುಜು ಮಾಡು.”

“ನಾನು ಕೇಳಿಲ್ಲವಲ್ಲ.”

“ತಾಳಿದವನು ಬಾಳಿಯಾನು ಅಂತ ಗಾದೆನೇ ಇದೆಯಲ್ಲಮ್ಮ.”

“ಗಾದೆನ ಗಾದೆ ಪುಸ್ತಕಕ್ಕೆ ಹಾಕಿ ಸಾರ್. ಅದಕ್ಕೆ ನನ್ನ ರುಜು ಬೇಕಾಗಲ್ಲ.”

ಸಂಪಾದಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಐದು ಗಂಟೆಗೆ ಈ ಪುಟ ಅಚ್ಚಿಗೆ ಹೋಗ್ಬೇಕು. ಅಷ್ಟರೊಳಗೆ ರುಜು ಬೀಳ್ದಿದ್ರೆ ನಾಳೆಯಿಂದ ನಿನ್ನ ಕುರ್ಚಿ ಬೇರೆಯವರದು.”

ಚೀಟಿಯಮ್ಮ ಹಟಕ್ಕೆ ಬಿದ್ದು ಕೂರಲಿಲ್ಲ. ಹಾಗೆ ಹೇಳುವ ಹೆಂಗಸು ಎಲ್ಲಾದರೂ ಇದ್ದರೆ ಕೇಳಿಕೊಂಡು ಬರೋಣ ಎಂದು ಮೆಟ್ಟಿಲಿಳಿದಳು. ಮೂಲೆಯಲ್ಲಿ ಚಪ್ಪಲಿ ಹೊಲಿಯುವವಳು ದಾರವನ್ನು ಹಲ್ಲಲ್ಲೇ ಹಿಡಿದು, “ನಗುನಗುತ್ತನಾ? ನನಗೇನು ಹುಚ್ಚು ಹಿಡಿದಿದೆಯಾ?” ಎಂದಳು. ಅಂಚೆ ಹಂಚುವವಳು ನಿಲ್ಲದೆ, ಇಲ್ಲವೆಂದು ಕೈಯಲ್ಲಾಡಿಸಿ ಹೋದಳು.

ಎರಡು ಬೀದಿಯಾಚೆ ಆಸ್ಪತ್ರೆ. ಒಗೆಯುವ ಕೋಣೆಯಲ್ಲಿ ಯಂತ್ರಗಳು ಸುಮ್ಮನಿದ್ದವು. ಅತ್ತೆ ಬೋರಲು ಹಾಕಿದ ತೊಟ್ಟಿಯ ಮೇಲೆ ಕೈಕಟ್ಟಿ ಕೂತಿದ್ದರು. ಪಕ್ಕದಲ್ಲಿ ಇನ್ನೂ ಮೂವರು ಹಾಗೇ ಕೂತಿದ್ದರು. ಕೇಳಿದ ಕೈಗವಸು ಇನ್ನೂ ಬಂದಿರಲಿಲ್ಲ.

“ಅತ್ತೆ, ನಗುನಗುತ್ತ ಸಹಿಸಿಕೊಂಡಳು ಅಂತ ಯಾರಾದ್ರೂ ಹೇಳೋದು ಕೇಳಿದ್ದೀರಾ?”

“ಕೇಳಿದೀನಿ ಕಣೆ, ಬೇಕಾದಷ್ಟು ಸಲ. ಹೆಣದ ಮುಂದೆ. ಎದ್ದು ಕೂತು ಅಲ್ಲ ಅನ್ನೋಕೆ ಆ ಪುಣ್ಯಾತ್ಗಿತ್ತಿ ಇರಲ್ವಲ್ಲ.”

ಆ ಮೂವರೂ ನಕ್ಕರು. ಸೊಸೆಯ ಮುಖ ನೋಡಿ ಅತ್ತೆ ದನಿ ತಗ್ಗಿಸಿದರು.

“ಕೆಲಸಕ್ಕೆ ಕುತ್ತು ಬಂತೇನೆ?”

“ಬಂದಹಾಗಿದೆ.”

“ನನ್ನ ಮಾತು ಬೇಡ ಅಂದ್ರೆ ಹರಿದುಹಾಕು ಮಗಳೆ, ನನಗೇನು ಬೇಜಾರಿಲ್ಲ. ಆದ್ರೆ ಆ ನಗುನಗುತ್ತ ಅನ್ನೋದನ್ನ ಮಾತ್ರ ನಮ್ಮ ತಲೆಗೆ ಕಟ್ಟಬೇಡ.”

ಹಿಂದಿರುಗುವ ದಾರಿಯಲ್ಲಿ ಚೀಟಿಯಮ್ಮ ದೇವರನ್ನು ಏನನ್ನೂ ಬೇಡಲಿಲ್ಲ. ಬೇಡಬೇಕಾದ್ದು ಏನೂ ಉಳಿದಿಲ್ಲ ಎನ್ನುವಷ್ಟು ಮನಸ್ಸು ತಿಳಿಯಾಗಿತ್ತು. ಐದಕ್ಕೆ ಹತ್ತು ನಿಮಿಷವಿರುವಾಗ ಅವಳು ಸಂಪಾದಕರ ಮೇಜಿನ ಮೇಲೆ ಎರಡು ಚೀಟಿ ಇಟ್ಟಳು. ಒಂದು ಅತ್ತೆಯದು. ಇನ್ನೊಂದರಲ್ಲಿ ಸಂಪಾದಕರ ವಾಕ್ಯ ಅಕ್ಷರ ತಪ್ಪದೆ ಇತ್ತು. ಆಡಿದವರು: ನಿಘಂಟಿನ ಹಿರಿಯ ಸಂಪಾದಕರು. ಎರಡಕ್ಕೂ ರುಜು ಬಿದ್ದಿತ್ತು.

“ಎರಡೂ ಕಿವಿಯಾರೆ ಕೇಳಿದ್ದೇ ಸಾರ್. ಬೇಕಾದ್ದು ಆರಿಸ್ಕೊಳ್ಳಿ.”

“ಇದು ಅಚ್ಚಾದ್ರೆ, ನಾನು ಹೇಳ್ದೆ ಅಂತ ಆಗತ್ತೆ.”

“ಹೇಳಿದ್ದು ನೀವೇ ಅಲ್ವಾ.”

ಅವರ ಕಿವಿ ಕೆಂಪಾಯಿತು. ತಮ್ಮ ವಾಕ್ಯದ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಅಚ್ಚಿನಮನೆಯವನು ಬಾಗಿಲಲ್ಲಿ ಕೆಮ್ಮಿದ. ಪುಟ ಖಾಲಿ ಹೋಗುವಂತಿರಲಿಲ್ಲ. ಅತ್ತೆಯ ಚೀಟಿಯನ್ನು ಅವನ ಕೈಗಿತ್ತು, ಅವನು ಹೋದಮೇಲೆ, ಕಿಟಕಿಯ ಕಡೆ ತಿರುಗಿ ಹೇಳಿದರು: “ನಾಳೆಯಿಂದ ನೀನು ಬರಬೇಡ.”

“ಅದನ್ನ ಬರೆದು ಕೊಡಿ ಸಾರ್. ಯಾಕೆ ಅಂತ್ಲೂ ಬರೀರಿ. ಕೆಳಗೆ ರುಜು ಹಾಕಿ. ಹೋಗ್ತೀನಿ.”

ಸಂಪಾದಕರು ಪೆನ್ನಿನ ಮುಚ್ಚಳ ತೆಗೆದರು. ಬಿಳಿ ಹಾಳೆ ಎಳೆದುಕೊಂಡರು. ಚೀಟಿಯಮ್ಮ ಕಾದಳು. ಅವರು ಬರೆಯಲಿಲ್ಲ, ಮುಚ್ಚಳ ಹಾಕಲೂ ಇಲ್ಲ. ಅವಳು ಹೋಗಿ ತನ್ನ ಕುರ್ಚಿಯಲ್ಲಿ ಕೂತು ಮುಂದಿನ ಪದದ ಖಾನೆ ಎಳೆದಳು.